ನಾಲ್ಕು ತಾಸಿನ ಪೂಜೆ

ಶರಣರೇ, ತಾಯಂದಿರೇ, ಇಷ್ಟು ಹೊತ್ತು ಪೂಜೆಯ ವಿಚಾರ ಮಾತನಾಡಿದೆವು. ಹೇಗೆ ಕೂರಬೇಕು, ದೃಷ್ಟಿಯನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲ ಹೇಳಿದ್ದಾಯಿತು. ಈಗ ಪೂಜೆ ಕೈತಪ್ಪಿ ಹೋದ ಒಬ್ಬರ ಕಥೆ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಹೇಳುತ್ತೇನೆ.

ಒಬ್ಬ ಸಾಹುಕಾರರಿದ್ದರು. ಯಾವ ಊರು ಎಂದು ಕೇಳಬೇಡಿ. ಅವರ ಮನೆಯವರು ಈ ಸಭೆಯಲ್ಲಿ ಕುಳಿತಿರಲೂಬಹುದು. ಎರಡು ಎಣ್ಣೆ ಗಿರಣಿ, ಪೇಟೆಯಲ್ಲಿ ಒಂದು ಸಾಲು ಅಂಗಡಿ. ಸಿರಿವಂತಿಕೆಯ ಸೊಕ್ಕು ಅವರಿಗಿರಲಿಲ್ಲ. ಇದ್ದ ಒಂದೇ ಹೆಮ್ಮೆ ಎಂದರೆ ಪೂಜೆ. ನಲವತ್ತು ವರ್ಷ, ನೋಡಿ, ನಲವತ್ತು ವರ್ಷ ಒಂದು ದಿನವೂ ತಪ್ಪದೆ ನಸುಕಿನಲ್ಲಿ ಸ್ನಾನ ಮಾಡಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕುಳಿತರೆಂದರೆ ಎರಡು ತಾಸು ಕಣ್ಣು ಕದಲುತ್ತಿರಲಿಲ್ಲ. ಯುಗಾದಿ ಹತ್ತಿರ ಬಂದರೆ ಶ್ರೀಶೈಲಕ್ಕೆ ನಡೆದೇ ಹೋಗುತ್ತಿದ್ದರು. ಮಗಳ ಮದುವೆಯ ದಿನವೂ ಅವರ ಪೂಜೆ ಮುಗಿಯುವ ತನಕ ಬೀಗರು ಕಾದಿದ್ದರಂತೆ.

ಅಂಥವರ ಎರಡೂ ಮೂತ್ರಪಿಂಡ ಕೆಟ್ಟವು.

ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಬೇಕು. ಯಂತ್ರದ ಪಕ್ಕದಲ್ಲಿ ನಾಲ್ಕು ತಾಸು ಮಲಗಬೇಕು. ಮೈಯೊಳಗಿನ ರಕ್ತವೆಲ್ಲ ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆದುಕೊಂಡು ಒಳಗೆ ಬರಬೇಕು. ಡಯಾಲಿಸಿಸ್ ಎನ್ನುತ್ತಾರೆ, ನಿಮ್ಮಲ್ಲಿ ಹಲವರಿಗೆ ಗೊತ್ತು. ದಿನಕ್ಕೆ ಮೂರು ಲೋಟ ನೀರು, ಅಷ್ಟೇ. ಮನೆಯ ಹಿತ್ತಲಲ್ಲಿ ಸಿಹಿನೀರಿನ ಬಾವಿ ಇಟ್ಟುಕೊಂಡ ಮನುಷ್ಯ ಬಿರುಬೇಸಿಗೆಯಲ್ಲಿ ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೊಂಡು ಕೂರುತ್ತಿದ್ದರು.

ಅದನ್ನೆಲ್ಲ ಅವರು ತಡೆದುಕೊಂಡರು. ತಡೆಯಲಾಗದ್ದು ಬೇರೆ. ಸೂಜಿ ಚುಚ್ಚುವುದಕ್ಕೆಂದು ಎಡಗೈಯಲ್ಲಿ ನರ ಜೋಡಿಸಿದ್ದರು. ಆ ಕೈ ಬಾತುಕೊಂಡಿತು, ನಡುಗತೊಡಗಿತು. ಆದರೂ ಹಟ ಹಿಡಿದು ಪೂಜೆಗೆ ಕುಳಿತರು. ಒಂದು ಬೆಳಿಗ್ಗೆ, ಕಣ್ಣು ಲಿಂಗದ ಮೇಲಿರುವಾಗಲೇ, ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು.

ಆ ಸಪ್ಪಳಕ್ಕೆ ಹೆಂಡತಿ ಒಳಗಿನಿಂದ ಓಡಿ ಬಂದರು. ಸಾಹುಕಾರರು ಅದನ್ನು ಎತ್ತಿಕೊಳ್ಳುವುದಕ್ಕೂ ಅಂಜಿ, ಕೈ ಹಿಂದಕ್ಕೆ ಕಟ್ಟಿಕೊಂಡು ಕುಳಿತಿದ್ದರಂತೆ.

ಅವತ್ತು ಸಂಜೆ ಮಠಕ್ಕೆ ಬಂದರು. ಕೆಳಗೆ ಕೂರಲಿಕ್ಕಾಗದೆ ಕಂಬಕ್ಕೆ ಒರಗಿ ನಿಂತರು.

"ಅಜ್ಜಾರ, ಪೂಜಿ ಹೋತ್ರಿ. ಶ್ರೀಶೈಲನೂ ಹೋತು. ಇನ್ನ ನಾ ಯಾತಕ್ಕ ಇರಬೇಕ್ರಿ?"

ನಾನು ಏನು ಹೇಳಿದೆ ಗೊತ್ತೇ? ಎಲ್ಲ ಶಿವನ ಇಚ್ಛೆ, ಮನಸ್ಸಿನಲ್ಲೇ ಪೂಜೆ ಮಾಡಿರಿ ಎಂದೆ. ಪ್ರಸಾದ ಕೊಟ್ಟು ಕಳಿಸಿದೆ. ಹೇಳಿದ್ದು ಸುಳ್ಳೇನಲ್ಲ. ಆದರೆ ಅವರ ಮುಖ ನೋಡಿ ಹುಟ್ಟಿದ ಮಾತಲ್ಲ ಅದು. ಹತ್ತು ಜನಕ್ಕೆ ಹೇಳಿ ಹೇಳಿ ಬಾಯಿಗೆ ರೂಢಿಯಾದ ಮಾತು. ಅವರು ತಲೆ ಬಾಗಿಸಿ ಹೋದರು. ಆಮೇಲೆ ಏಳೆಂಟು ತಿಂಗಳು ಮಠದ ಕಡೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ.

ಆ ಆಸ್ಪತ್ರೆಯಲ್ಲಿ ಅವರ ಪಕ್ಕದ ಮಂಚ ಸಾವಂತ್ರೆವ್ವ ಎಂಬ ಹೆಣ್ಣುಮಗಳದು. ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಬದುಕಿದವಳು, ಗಂಡ ತೀರಿಕೊಂಡಿದ್ದ. ಮೂರು ವರ್ಷದಿಂದ ಅದೇ ಯಂತ್ರಕ್ಕೆ ಬರುತ್ತಿದ್ದಳು. ಇವಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಹೊಸಬರಿಗೆ ಸೂಜಿ ಚುಚ್ಚುವ ಹೊತ್ತಿಗೆ ಸರಿಯಾಗಿ, ನಿಮ್ಮ ಊರು ಯಾವುದು, ಮಕ್ಕಳೆಷ್ಟು, ಇವತ್ತು ಮನೆಯಲ್ಲಿ ಏನು ಅಡುಗೆ ಎಂದು ಕೇಳುತ್ತಿದ್ದಳು. ಸಾಹುಕಾರರಿಗೆ ಮನಸ್ಸಿನಲ್ಲಿ ಜಪ ಮಾಡಬೇಕು. ಇವಳ ಮಾತು ಅಡ್ಡ. ನಡುವೆ ಒಂದು ಪರದೆ ಎಳೆಯಿರಿ ಎಂದು ನರ್ಸಮ್ಮನಿಗೆ ಹೇಳಿದರು. ಪರದೆ ಬಂತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ದನಿ ತಗ್ಗಿಸಿದಳು, ಅಷ್ಟೇ.

ಒಂದು ದಿನ ಮೂರನೆಯ ತಾಸಿನಲ್ಲಿ ಸಾಹುಕಾರರ ರಕ್ತದೊತ್ತಡ ಕುಸಿಯಿತು. ಕಾಲು ಸೆಟೆದುಕೊಂಡು ಕಣ್ಣಿಗೆ ಕತ್ತಲೆ ಬಂತು. ಕೂಗಬೇಕೆಂದರೆ ದನಿ ಏಳದು. ಆಗ ಪರದೆ ಸರಿಯಿತು. ಸಾವಂತ್ರೆವ್ವ ನರ್ಸಮ್ಮನನ್ನು ಕೂಗಿ ಕರೆದಳು. ಅವರು ಬರುವ ತನಕ, ತಾನೂ ಕೊಳವೆಗೆ ಕಟ್ಟಿಸಿಕೊಂಡವಳು, ಮಂಚದ ಅಂಚಿಗೆ ವಾಲಿ, ಕೈಗೆ ಸಿಕ್ಕ ಅವರ ಮುಂಗೈ ಹಿಡಿದುಕೊಂಡಳು. ವೈದ್ಯರು ಬಂದು ಸಲೈನ್ ಏರಿಸಿದರು. ಉಸಿರು ತಿಳಿಯಾಯಿತು. ಆದರೂ ಅವಳು ಬಿಟ್ಟಿರಲಿಲ್ಲ.

ಸಾಹುಕಾರರು ಸುಧಾರಿಸಿಕೊಂಡು ಕೇಳಿದರು: ನಿನಗೇ ಇಷ್ಟು ತ್ರಾಸಿರುವಾಗ ಬೇರೆಯವರ ಉಸಾಬರಿ ಹೇಗೆ ಆಗುತ್ತದೆ ತಂಗಿ?

"ಒಂದ್ ಕೈ ಮಷಿನ್ನಿಗೆ ಕಟ್ಟ್ಯಾರ್ರಿ ಸಾವ್ಕಾರ್ರ. ಇನ್ನೊಂದ್ ಕೈ ಖಾಲಿ ಐತಲ್ರಿ. ಅದನ್ನ ಏನ್ ಮಾಡ್ಲಿ?"

ಅವತ್ತಿನಿಂದ ಪರದೆ ಎಳೆಸಲಿಲ್ಲ. ಅಷ್ಟೇ. ಅವರೇನೂ ಒಮ್ಮೆಲೇ ಬದಲಾಗಲಿಲ್ಲ. ಮನುಷ್ಯ ಅಷ್ಟು ಸುಲಭಕ್ಕೆ ಬದಲಾಗುತ್ತಾನೆಯೇ? ಇವಳು ಬೇರೆ ಥರದ ಜೀವ, ಇವಳಿಗೆ ಸಾವಿನ ಅಂಜಿಕೆ ಇಲ್ಲ, ನನಗಿದೆ, ಹಾಗಾಗಿ ನನ್ನಿಂದ ಇದು ಆಗದು ಎಂದುಕೊಂಡು ಸುಮ್ಮನೆ ಮಲಗುತ್ತಿದ್ದರು.

ದೀಪಾವಳಿ ಮುಗಿದ ವಾರ ಸಾವಂತ್ರೆವ್ವ ಬರಲಿಲ್ಲ. ಅದರ ಮರುಸರದಿಗೂ ಬರಲಿಲ್ಲ. ಕೇಳಿದರೆ, ಮನೆಯಲ್ಲೇ ಉಸಿರು ಕಟ್ಟಿ ಹೋದಳು ಎಂದರು.

ಸಾಹುಕಾರರು ಅವಳ ಮನೆ ಹುಡುಕಿಕೊಂಡು ಹೋದರು. ಕಾರು ಹೋಗದ ಓಣಿ. ಒಂದೇ ಕೋಣೆ, ಹಿಂದೊಂದು ಸಣ್ಣ ಅಡುಗೆಮನೆ. ಮಗಳು ಚಾಪೆ ಹಾಸಿದಳು. ಸಾಹುಕಾರರು, ನಿಮ್ಮ ತಾಯಿ ಬಹಳ ಧೈರ್ಯದ ಹೆಣ್ಣುಮಗಳು, ಅಂಜಿಕೆ ಎಂಬುದೇ ಇರಲಿಲ್ಲ ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು. ಆ ಹುಡುಗಿ ಹೇಳಿದಳು:

"ಹಂಗೇನಿಲ್ರಿ. ನಮ್ಮವ್ವ ಆಸ್ಪತ್ರಿಯಿಂದ ಬಂದ್ ಕೂಡ್ಲೆ ಅಡಗಿಮನಿ ಬಾಗ್ಲಾ ಹಾಕ್ಕೊಂಡು ಅಳತಿದ್ಲು. ಆಸ್ಪತ್ರ್ಯಾಗ ಅತ್ತು ಬಾರವ್ವ, ಎದಿ ಹಗುರಾಕ್ಕೈತಿ ಅಂದ್ರ, ಅಲ್ಲಿ ನಾ ಅತ್ರ ಹೊಸದಾಗಿ ಬಂದವ್ರು ಅಂಜತಾರ ಅಂತಿದ್ಲು."

ಶರಣರೇ, ಆ ಮಾತು ಕೇಳಿ ಆ ಸಾಹುಕಾರರು ಚಾಪೆಯ ಮೇಲೆಯೇ ಅತ್ತರು. ತಮ್ಮ ತಾಯಿ ಸತ್ತಾಗಲೂ ಅತ್ತಿರಲಿಲ್ಲವಂತೆ. ಅವಳಿಗೂ ಅಂಜಿಕೆ ಇತ್ತು. ಅವರಷ್ಟೇ ಇತ್ತು, ಬಹುಶಃ ಅವರಿಗಿಂತ ಹೆಚ್ಚೇ ಇತ್ತು. ಅಂಜಿಕೆ ಹೋದ ಮೇಲೆ ಮಾಡೋಣ ಎಂದು ಅವಳು ಕಾಯಲಿಲ್ಲ.

ಮುಂದಿನ ಸರದಿಗೆ ಆ ಮಂಚದಲ್ಲಿ ಒಬ್ಬ ಮುದುಕರಿದ್ದರು. ಸಾಹುಕಾರರು ಊರು ಯಾವುದೆಂದು ಕೇಳಿದರು. ಮುದುಕರು ಆಚೆ ಮುಖ ತಿರುಗಿಸಿ ಮಲಗಿದರು! ಸಾಹುಕಾರರಿಗೆ ಇನ್ನೊಬ್ಬರನ್ನು ಮಾತನಾಡಿಸುವುದು ಬರುತ್ತಿರಲಿಲ್ಲ ನೋಡಿ. ನಲವತ್ತು ವರ್ಷ ದೇವರೆದುರು ಕುಳಿತವರು, ಮನುಷ್ಯರೆದುರು ಕೂರುವುದನ್ನು ಅರವತ್ತೆರಡನೆಯ ವಯಸ್ಸಿನಲ್ಲಿ ಕಲಿಯಬೇಕಾಯಿತು. ಬಿಡಲಿಲ್ಲ. ಒಂದು ತಿಂಗಳಾದ ಮೇಲೆ ಆ ಮುದುಕರೇ ಇವರತ್ತ ತಿರುಗಿ, ನನಗೆ ಅಂಜಿಕೆಯಾಗುತ್ತದೆ ಎಂದರಂತೆ. ನನಗೂ ಆಗುತ್ತದೆ ಎಂದರಂತೆ ಇವರು. ನಾಲ್ಕು ತಾಸು ಕಳೆಯಿತು.

ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಅವರ ಹೆಂಡತಿ ಹೇಳಿ ಕಳಿಸಿದ ಮೇಲೆ ನೋಡಲು ಹೋದೆ. ವಾರ್ಡಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಹುಡುಗ ಮೊದಲ ಸಲ ಬಂದಿದ್ದ, ಸೂಜಿ ಕಂಡು ಕೈ ಎಳೆದುಕೊಳ್ಳುತ್ತಿದ್ದ. ಸಾಹುಕಾರರು ನನ್ನನ್ನು ನೋಡಿದರು. ಕೈ ಮುಗಿಯಲಿಲ್ಲ. ಆ ಹುಡುಗನ ಜೊತೆ ಮಾತು ಮುಗಿಸಿ, ಆಮೇಲೆ ನನ್ನತ್ತ ತಿರುಗಿದರು.

"ಪೂಜಿ ಬಿಟ್ಟಿಲ್ರಿ ಅಜ್ಜಾರ. ವಾರಕ್ಕ ಮೂರು ಸಲ, ನಾಕು ನಾಕು ತಾಸು ನಡಿತೈತಿ. ಅಂಜಿಕಿ ಏನೂ ಹೋಗಿಲ್ರಿ."

ಕಾಯಿಲೆ ವಾಸಿಯಾಯಿತು ಎಂದು ಕಥೆ ಮುಗಿಸಿದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ವಾಸಿಯಾಗಲಿಲ್ಲ. ಕಳೆದ ಆಷಾಢದಲ್ಲಿ ಅವರು ಲಿಂಗೈಕ್ಯರಾದರು. ಕೊನೆಯ ವಾರ ಬಹಳ ನರಳಿದರು. ಸಾವು ಹೂವಿನ ಹಾಗೆ ಬಂತು ಎಂದು ನಾನು ಹೇಳಲಾರೆ.

ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮಲ್ಲಿ ಎಷ್ಟು ಜನ ಬಂದು ನನ್ನೆದುರು ಹೇಳಿಲ್ಲ? ಅಜ್ಜಾರೇ, ಮೊಣಕಾಲು ಹೋಯಿತು, ಪೂಜೆಗೆ ಕೂರಲಾರೆ. ಅಜ್ಜಾರೇ, ಕಣ್ಣು ಮಂಜಾಯಿತು, ಓದಲಾರೆ. ಅಜ್ಜಾರೇ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವುದರಲ್ಲೇ ದಿನ ಮುಗಿಯುತ್ತದೆ, ಮಠಕ್ಕೆ ಬರಲಾರೆ. ತಾಯೀ, ಮಠ ಬಿಟ್ಟು ಎಲ್ಲಿಗೆ ಹೋಗಿದ್ದೀರಿ ನೀವು? ಆ ಅತ್ತೆಯ ಮೈ ಒರೆಸುವ ನೀರು ಅಭಿಷೇಕದ ನೀರಿಗಿಂತ ಕಡಿಮೆ ಎಂದು ಹೇಳಿದವರಾರು? ಆಗದೇ ಹೋದದ್ದನ್ನು ಎಣಿಸುತ್ತ ಕೂರಬೇಡಿ. ಅದಕ್ಕೆ ಅಳು ಬಂದರೆ ಅಳಿ, ತಪ್ಪಿಲ್ಲ. ಅತ್ತಾದ ಮೇಲೆ ಪಕ್ಕದಲ್ಲಿ ಯಾರಿದ್ದಾರೆ ಎಂದು ಒಮ್ಮೆ ನೋಡಿ.

ಮೈಯಲ್ಲಿ ಆರೋಗ್ಯ ಇರುವವರೇ, ನಿಮಗೂ ಒಂದು ಮಾತು. ಕಾಯಿಲೆಯವರನ್ನು ನೋಡಲು ಹೋಗುತ್ತೇವೆ. ಮೋಸಂಬಿ ಕೊಡುತ್ತೇವೆ, ಉಪದೇಶ ಕೊಡುತ್ತೇವೆ, ಗಡಿಯಾರ ನೋಡಿ ಎದ್ದುಬರುತ್ತೇವೆ. ಇನ್ನು ಮೇಲೆ ಹಾಗೆ ಮಾಡಬೇಡಿ. ಎಲ್ಲ ಕರ್ಮ ಎನ್ನಬೇಡಿ. ಎಲ್ಲ ಶಿವನ ಇಚ್ಛೆ ಎಂದೂ ಎನ್ನಬೇಡಿ. ಹಾಗೆಂದವನು ನಾನು, ಅದರ ಭಾರ ಇನ್ನೂ ಹೊತ್ತಿದ್ದೇನೆ. ನಿಮಗೆ ಯಾವುದರ ಅಂಜಿಕೆ ಎಂದು ಕೇಳಿ. ಅವರು ಹೇಳುವಾಗ ಬಾಯಿ ಮುಚ್ಚಿಕೊಂಡು ಕೇಳಿ.

ಗುರುವಾರ ಬೆಳಿಗ್ಗೆ ನಾನು ಮಠದಲ್ಲಿ ಸಿಗುವುದಿಲ್ಲ. ದರ್ಶನ ಬೇಕೆಂದವರು ಆಸ್ಪತ್ರೆಗೆ ಬನ್ನಿ, ಆ ವಾರ್ಡಿನಲ್ಲಿರುತ್ತೇನೆ. ಹೂಮಾಲೆ ತರಬೇಡಿ. ನನ್ನ ಕಾಲಿಗೆ ಬೀಳುವುದು ಆಮೇಲಾಗಲಿ, ಮೊದಲು ಯಾವುದಾದರೂ ಒಂದು ಮಂಚದ ಪಕ್ಕ ಹೋಗಿ ಕುಳಿತುಕೊಳ್ಳಿ.