ಯಾರ ತೋಳಿನ ಬಿಪಿ

ಹಲೋ... ಯಾರು ಮಾತಾಡ್ತಿರೋದು? ತಮ್ಮನಾ? ಧ್ವನಿ ಯಾಕೋ ಪಾತಾಳದಿಂದ ಬಂದ ಹಾಗಿದೆ...

ಹಾಂ, ಅಕ್ಕನೇ. ಹೊಲಿಗೆ ಮಿಷನ್ ನಿಲ್ಲಿಸಿ ಫೋನ್ ಮಾಡ್ತಿದ್ದೀನಿ. ಗ್ಯಾರೇಜಲ್ಲಿದ್ದೀಯಾ, ಮನೇಲಾ?... ಮನೇಲಿ. ಕೈಯಲ್ಲಿ ಸಿಗರೇಟ್ ಇದೆಯಾ?... ಇಲ್ವಾ? ಮತ್ತೆ ಫೂ ಅಂತ ಊದ್ತಿರೋದು ಏನು, ಒಲೆನಾ?

ಬಿಸಾಕು ಅದನ್ನ. ದಿನಾ ಬಿಪಿ ನೋಡಿ ಫೋಟೋ ಕಳಿಸು ಅಂದಿದ್ದೆ, ಕಳಿಸಿದ್ದೀಯ, ಸಂತೋಷ. ನೂರ ಎಪ್ಪತ್ತೆಂಟು ಅಂತ ಇದೆಯಲ್ಲೋ. ಹೋದ ತಿಂಗಳು ಸ್ಪ್ಯಾನರ್ ಕೈ ಜಾರಿ ಬಿತ್ತು, ಬಾಯಿ ಒಂದು ಕಡೆ ಎಳ್ಕೊಳ್ತು. ಆಮೇಲೆ ಸರಿಹೋಯ್ತು ಅಂತ ಹಲ್ಲು ಕಿರಿದೆ. ಡಾಕ್ಟರ್ ಏನಂದ್ರು? ಇನ್ನೊಂದು ಸಲ ಇಷ್ಟಕ್ಕೇ ಬಿಡಲ್ಲ, ಸ್ಟ್ರೋಕ್ ಆಗುತ್ತೆ ಅಂದ್ರು, ಅಲ್ವಾ? ಮಾತ್ರೆ ತಗೊ, ಉಪ್ಪು ಕಮ್ಮಿ ಮಾಡು, ಸಿಗರೇಟ್ ಬಿಡು, ನಡಿ ಅಂದ್ರು. ನೀನು ನಡೆಯೋದು ಮಂಚದಿಂದ ಟೀವಿವರೆಗೆ...

ಏನು?... ಆ ನಂಬರ್ ನಿಂದಲ್ವಾ? ಮತ್ಯಾರದು?...

ತಡಿ, ಫೋಟೋ ಇನ್ನೊಂದು ಸಲ ನೋಡ್ತೀನಿ... ನೀಲಿ ಹೂವಿನ ರವಿಕೆ ತೋಳು. ನಾನೇ ಹೊಲಿದದ್ದು. ನಿನ್ನ ಹೆಂಡ್ತಿ ಕೈಗೆ ಬಿಪಿ ಪಟ್ಟಿ ಸುತ್ತಿ, ನಿಂದು ಅಂತ ನನಗೆ ಕಳಿಸ್ದೆಯಾ? ಶಾಲೇಲಿ ಪಕ್ಕದವನದ್ದು ನೋಡಿ ಬರೀತಿದ್ದೆ, ತಲೆ ನರೆತ್ರೂ ಆ ಬುದ್ಧಿ ಹೋಗಿಲ್ಲ...

ಹಾಂ?... ಅವಳಿಗೆ ಏನೂ ಇಲ್ಲ, ಅವಳದು ಸರಿಯಾಗೇ ಇರುತ್ತೆ ಅಂತ ನಂಬರೂ ನೋಡದೆ ಕಳಿಸಿಬಿಟ್ಟೆಯಾ...

...

ಹಲೋ? ಇದ್ದೀಯೇನೋ?... ಹೌದು ಕಣೋ. ನನಗೂ ಈಗ್ಲೇ ಹೊಳೀತು. ನೂರ ಎಪ್ಪತ್ತೆಂಟು ಅವಳದು.

ಎಲ್ಲಿದ್ದಾಳೆ?... ಅಡುಗೆಮನೇಲಿ. ನಿನಗೆ ಬೇರೆ ಸಪ್ಪೆ ಅಡುಗೆ ಮಾಡಿ, ಉಪ್ಪು ಖಾರ ಹಾಕಿದ್ದನ್ನ ತಾನು ತಿಂತಾಳೆ ಅಲ್ವಾ? ಅವಳ ಬಿಪಿ ಯಾವತ್ತಾದ್ರೂ ಯಾರಾದ್ರೂ ನೋಡಿದ್ದೀರಾ?... ಇಲ್ಲ. ನಿನ್ನ ಕಾಯೋದ್ರಲ್ಲೇ ಅವಳ ದಿನ ಮುಗಿಯುತ್ತೆ.

ನನಗೂ ಹೆದರಿಕೆ ಆಗ್ತಿದೆ. ನೀನು ಅಳ್ಬೇಡ, ಕೇಳಿಲ್ಲಿ. ಅವಳನ್ನ ಕೂಡಿಸು. ಸ್ವಲ್ಪ ಹೊತ್ತು ಸುಮ್ಮನೆ ಕೂರಲಿ, ಆಮೇಲೆ ಮತ್ತೆ ನೋಡು. ಆಗಲೂ ಅಷ್ಟೇ ಇದ್ರೆ ಇವತ್ತೇ ಡಾಕ್ಟರ್ ಹತ್ರ ಹೋಗಿ. ಇಬ್ರೂ. ನೀನೂ ಕಣೋ...

ಅವಳಿಗೆ ಏನು ಹೇಳ್ಲಿ ಅಂತೀಯಾ? ನಿಜ ಹೇಳು. ನನ್ನ ಸುಳ್ಳಿಗೆ ನಿನ್ನ ಕೈ ಬಳಸ್ಕೊಂಡೆ ಅನ್ನು. ಬೈತಾಳೆ, ಬೈಸ್ಕೊ. ಬೈಯೋಕಾದ್ರೂ ಅವಳು ಇರ್ಬೇಕಲ್ವಾ... ಹಲೋ?... ಹೋದ್ಯಾ? ಫೋನ್ ಇಡೋ ಮುಂಚೆ ಒಂದು ಮಾತು, ಆ ಸಿಗರೇಟ್ ಪ್ಯಾಕೆಟ್ ಬಿಸಾ...