ಹಸಿರು ಗ್ರಹಕ್ಕೊಂದು ಒಡಪು

ಒಂದಾನೊಂದು ಮಧ್ಯಾಹ್ನ ಯಲವಿಗಿ ಸ್ಟೇಶನ್ನಿನ ಬೆಂಚಿನ ಮೇಲೆ, ನನ್ನ ಪಕ್ಕದಲ್ಲೇ, ಒಬ್ಬ ಅಜ್ಜಿಯೂ ಮೊಮ್ಮಗಳು ಪೂಜಾಳೂ ಕೂತಿದ್ದರು. ಪೂಜಾಳ ಫೋನಿನ ಆಟದಲ್ಲಿ ಹೊಸ ಗ್ರಹ ಮೊದಲು ಕಂಡವರೇ ಅದಕ್ಕೆ ಹೆಸರಿಡಬೇಕು. ತೀರಿಹೋದ ಅಜ್ಜನ ಹೆಸರಿಡುತ್ತೇನೆಂದು ಪೂಜಾ ಮಾತು ಕೊಟ್ಟಿದ್ದಳು.

"ಆರು ತಿಂಗಳಾತು ಅಜ್ಜಿ, ಈ ಆಕಾಶದಾಗ ಅಡ್ಡಾಡಾಕತ್ತೇನಿ, ಇಂಥಾ ಚಂದಂದು ಸಿಕ್ಕಿದ್ದಿಲ್ಲ."

"ಎಲಿತೋಟದಂಗ ಹಸರ ಐತಿ."

"ಮೊದಲ ಕಂಡು ಬೆರಳ ಮಾಡಿ ತೋರಿಸಿದಾಕಿ ನೀನ. ಅಜ್ಜನ ಹೆಸರು ನೀನ ಹೇಳಬೇ."

"ಗಂಡನ ಹೆಸರ ಹಂಗ ಹೇಳ್ತಾರೇನ, ಹುಚ್ಚಿ? ನಿನಗ ಗೊತ್ತೈತೆಲ್ಲ, ಬರಿ."

"ಊಹೂಂ. ಮದುವ್ಯಾಗ ಹೇಳಿದಂಗ ಒಡಪ ಕಟ್ಟಿ, ಪ್ರಾಸದಾಗ ಹೆಸರ ಸೇರಿಸಿ ಹೇಳು. ರೈಲ ಬಂತು ನೋಡು! ನನ್ನ ಹೆಸರ ಇಡ್ಲೇನು?"

"ಏ, ತಡಿ! ಸವಣೂರ ಎಲಿ ತಿಂದ್ರ ಬಾಯಿಗೆ ರಂಗ, ಚುಕ್ಕಿಯೊಳಗ ಕುಂತಾರ ಶಂಭುಲಿಂಗ!"

ಪೂಜಾ ಬರೆದಳು. ಅಜ್ಜಿ ನಾಚಿ, ಬಾಯಿಗೆ ಸೆರಗಿಟ್ಟುಕೊಂಡು ರೈಲು ಹತ್ತಿದಳು.