ಕತ್ತರಿ ತಗೊಂಡು ಬರ್ತೀನಿ

ಅಂಚೆ ಕಚೇರಿಯ ಸಾಲಿನಲ್ಲಿ ನಿಂತೇ ಮುದುಕಿ ತನ್ನ ಪಾರ್ಸೆಲ್ಲಿಗೆ ದಾರ ಬಿಗಿಯುತ್ತಿದ್ದಳು. ಅವಳ ಮುಂದೆ ಅಕ್ಕತಂಗಿಯರಿಬ್ಬರು. ತಂಗಿಯ ಕೊರಳಲ್ಲಿ ಹೊಲಿಗೆಯ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು, ಕೈಯಲ್ಲಿ ಲಕೋಟೆ.

"ಸಲೂನಿನವನು ಊರು ಬಿಡೋವಾಗ ನಿನ್ನ ‘ಮದುವೆ ಆಗ್ತೀಯಾ’ ಅಂತ ಕೇಳಿದ್ದು. ವರ್ಷವಾಯ್ತಲ್ಲೇ! ಉತ್ತರ ಏನು ಬರ್ದಿದೀಯ?"

"ಎಂಟು ಹಾಳೆ ಬರ್ದಿದ್ದೆ ಅಕ್ಕಾ. ನಾಚಿಕೆಯಾಗಿ ಕತ್ತರಿ ಹಾಕ್ದೆ. ಒಂದೇ ಸಾಲು ಉಳೀತು."

"ಓದು."

"‘ನನ್ನ ಕತ್ತರಿ ತಗೊಂಡು ನಿಮ್ಮಲ್ಲಿಗೇ ಬರ್ತೀನಿ.’"

"ಅಯ್ಯೋ, ಸಂಬಂಧಕ್ಕೇ ಕತ್ತರಿ ಹಾಕೋಕೆ ಬರ್ತಾಳೆ ಅಂತ ಓಡಿಹೋಗ್ತಾನೆ ಕಣೇ!"

"ಹೊಲಿಯೋಳು ಕತ್ತರಿ ತರ್ತೀನಿ ಅಂದ್ರೆ ಅಲ್ಲೇ ಉಳೀತೀನಿ ಅಂತಲ್ವಾ?"

"‘ಒಪ್ಪಿದೀನಿ’ ಅಂತ ಬರಿ."

"ಬರಿಯೋಕೆ ನಾಚಿಕೆ, ಬರೀದಿದ್ರೆ ಭಯ. ಅಡಕತ್ತರೀಲಿ ಸಿಕ್ಕೊಂಡಿದೀನಿ."

"ಆ ಕತ್ತರಿ ಒಂದು ಬಾಕಿ ಇತ್ತು!"

ಇಬ್ಬರೂ ಕಂಬ ಹಿಡಿದುಕೊಂಡು ನಕ್ಕರು. ಮುದುಕಿ ದಾರ ಬಿಟ್ಟು ಪೆನ್ನು ಚಾಚಿದಳು.

"ಹೊಲಿಗೆ ಮಿಷನ್ನೂ ತರ್ತೀನಿ ಅಂತ ಸೇರಿಸಮ್ಮ. ಜಗಳಕ್ಕೆ ಯಾರೂ ಅದನ್ನ ಹೊತ್ಕೊಂಡು ಹೋಗಲ್ಲ."

ತಂಗಿ ಅಕ್ಕನ ಬೆನ್ನ ಮೇಲೆ ಹಾಳೆಯಿಟ್ಟು ಬರೆದಳು, ಲಕೋಟೆ ಅಂಟಿಸಿದಳು, ಕಣ್ಣು ಮುಚ್ಚಿ ಡಬ್ಬಿಗೆ ಹಾಕಿದಳು.

"ಬಿತ್ತಾ?"

"ಬಿತ್ತು! ಓಡು ಅಕ್ಕಾ!"

ಮುದುಕಿಯ ಪೆನ್ನೂ ಅವರ ಜೊತೆಗೇ ಓಡಿತು.